ಅಳಿಸಿ ಬರೆಯುವ ಡಿಸ್ಕು

ಸೌದಿಯ ರಾಸ್ ಅಲ್ ಖೈರಿನ ಕೆಲಸಗಾರರ ಕ್ಯಾಂಪಿನಲ್ಲಿ ನನಗೆ ಸ್ವಲ್ಪ ಹೆಸರಿತ್ತು. ಯಾರ ಲ್ಯಾಪ್‌ಟಾಪ್ ಕೈಕೊಟ್ಟರೂ, ಯಾರ ಮೊಬೈಲಿನಲ್ಲಿ ಊರಿನ ಫೋಟೊ ತೆರೆಯದಿದ್ದರೂ ನನ್ನ ಕೋಣೆಯ ಬಾಗಿಲು ತಟ್ಟುತ್ತಿದ್ದರು. ಸೈಟ್ ಆಫೀಸಿನಲ್ಲಿ ಡ್ರಾಯಿಂಗುಗಳನ್ನು ಜೋಡಿಸಿಡುವ ಗುಮಾಸ್ತ ನಾನು, ಅದಕ್ಕಿಂತ ದೊಡ್ಡ ವಿದ್ಯೆ ಏನೂ ಇರಲಿಲ್ಲ. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ ಅಲ್ಲಿ ನಾನೇ ಕಂಪ್ಯೂಟರ್ ಪಂಡಿತ. ಆ ಪಾಂಡಿತ್ಯದಿಂದ ಒಬ್ಬ ತಂದೆಗೆ ನಾನು ಮಾಡಿದ ನಷ್ಟವನ್ನು ಇಷ್ಟು ವರ್ಷ ಆ ಮನೆಯವರ ಹೊರತು ಯಾರಿಗೂ ಹೇಳಿಲ್ಲ.

ನನ್ನ ಕೋಣೆಯಲ್ಲಿ ಇನ್ನೊಂದು ಮಂಚ ಸ್ಟೋರ್ ಕೀಪರ್ ಕಾಕನದು. ಪುತ್ತೂರಿನ ಕಡೆಯವರು, ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವರು. ಕ್ಯಾಂಪಿನ ಊರವರೆಲ್ಲ ಕಾಕ ಎಂದೇ ಕರೆಯುತ್ತಿದ್ದರು. ಅವರ ಮನೆಮಾತು ಬ್ಯಾರಿ, ಉಡುಪಿ ಕಡೆಯ ನನ್ನದು ಉರ್ದು, ಹಾಗಾಗಿ ನಮ್ಮಿಬ್ಬರ ನಡುವೆ ಓಡಾಡುತ್ತಿದ್ದದ್ದು ಕನ್ನಡ. ಅವರಿಗೆ ಇಬ್ಬರು ಗಂಡುಮಕ್ಕಳ ಮೇಲೆ ತಡವಾಗಿ ಹುಟ್ಟಿದ ಮಗಳೊಬ್ಬಳು. ಎಂಟು ವರ್ಷ. ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ.

ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದು ಕಾಕ ಊರಿಗೆ ಫೋನ್ ಮಾಡುತ್ತಿದ್ದರು. ಹೆಂಡತಿ ಮಾತಾಡುವರು, ಗಂಡುಮಕ್ಕಳು ಮಾತಾಡುವರು, ಆಮೇಲೆ ಫೋನ್ ಇಡುವರು. ಒಂದು ಸಲ ಆ ಹುಡುಗಿ ಅಣ್ಣನ ಕೈಯಿಂದ ಫೋನ್ ಕಸಿದುಕೊಂಡು, ಅದನ್ನು ತಿರುಗಿಸಿ ಹಿಂದೆ ನೋಡಿದಳಂತೆ. ಅದರೊಳಗೆ ಉಪ್ಪ, ಅಂದರೆ ಅಪ್ಪ, ಇದ್ದಾರೆ ಎಂದು ಎಲ್ಲರೂ ಹೇಳುತ್ತಿದ್ದರಲ್ಲ. ಇದನ್ನು ನನಗೆ ಹೇಳುವಾಗ ಕಾಕ ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ವಿಡಿಯೋ ಕಾಲಿಗೆ ಅವರ ಮನೆಯಲ್ಲಿ ನೆಟ್ ಇರಲಿಲ್ಲ. ಕ್ಯಾಂಪಿನ ನೆಟ್ಟಿನಲ್ಲಿ ಒಂದು ಫೋಟೊ ತೆರೆಯುವಷ್ಟರಲ್ಲಿ ಚಾ ಕುಡಿದು ಬರಬಹುದಿತ್ತು. ಆದರೆ ಹಿಂದಿನ ರಜೆಯಲ್ಲಿ ಕಾಕ ಹೊತ್ತುಕೊಂಡು ಹೋದ ಡಿವಿಡಿ ಪ್ಲೇಯರೊಂದು ಮನೆಯಲ್ಲಿತ್ತು.

"ನನ್ನನ್ನು ಡಿವಿಡಿಯಲ್ಲಿ ಹಾಕ್ಲಿಕ್ಕೆ ಆಗ್ತದಾ?" ಎಂದು ಒಂದು ದಿನ ಕೇಳಿದರು. "ಅವಳು ಕೈಯಲ್ಲಿ ಮಾತಾಡುದು. ನಾನೂ ಕೈಯಲ್ಲಿ ಮಾತಾಡಿದ್ರೆ ಆಯ್ತಲ್ಲ?"

ಆಗದೆ ಏನು! ನನ್ನಲ್ಲಿ ಸಣ್ಣ ಕ್ಯಾಮೆರಾ ಇತ್ತು. ಲ್ಯಾಪ್‌ಟಾಪಿನ ಡ್ರೈವ್ ಡಿಸ್ಕನ್ನು ಓದುತ್ತಿತ್ತು, ಬರೆಯುತ್ತಿರಲಿಲ್ಲ. ಬರ್ನರ್ ಒಂದು ಬೇಕಿತ್ತು. ನಾನು ಒಂದು ವಾರ ಕೂತು ಡಿಸ್ಕುಗಳ ಕುಲಗೋತ್ರವನ್ನೆಲ್ಲ ಓದಿದೆ. ಮುಂದಿನ ಗುರುವಾರ ಕಂಪೆನಿ ಬಸ್ಸಿನಲ್ಲಿ ಇಬ್ಬರೂ ಜುಬೈಲ್ ಪೇಟೆಗೆ ಹೋದೆವು. ಅಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿಯವರು ಭಟ್ಕಳದವರು, ನಮ್ಮ ಮಾತು ಕಿವಿಗೆ ಬಿದ್ದದ್ದೇ ಕನ್ನಡಕ್ಕೆ ಇಳಿದರು.

"ಬರ್ನರ್ ಯಾವ್ದಾದ್ರೂ ಒಂದೇ ಸಾಹೇಬ್ರೆ, ಈಗಿನವು ಎಲ್ಲಾ ಜಾತಿ ಡಿಸ್ಕೂ ಬರೀತವೆ. ಈ ಎರಡು ವಯರಿಂದು ತಗೊಳ್ಳಿ. ಒಂದೇ ಯುಎಸ್‌ಬಿಯಲ್ಲಿ ಕರೆಂಟ್ ಸಾಕಾಗದಿದ್ರೆ ಅರ್ಧದಲ್ಲಿ ನಿಲ್ತದೆ. ತಲೆ ಕೆಡಿಸ್ಕೊಳ್ಳೋದಿದ್ರೆ ಡಿಸ್ಕಿನ ಬಗ್ಗೆ ಕೆಡಿಸ್ಕೊಳ್ಳಿ."

ಮೇಜಿನ ಮೇಲೆ ಒಂದೊಂದಾಗಿ ಇಟ್ಟರು. ಒಮ್ಮೆ ಮಾತ್ರ ಬರೆಯುವ ಮೈನಸ್ ಆರ್. ಅದೇ ಥರದ್ದು ಪ್ಲಸ್ ಆರ್. ಎರಡು ಪದರದ ದುಬಾರಿಯದು, ಅದರಲ್ಲಿ ಹಿಡಿಸುವಷ್ಟು ಮಾತು ನಮ್ಮಲ್ಲಿ ಇರಲಿಲ್ಲ. ಕೊನೆಗೆ ಆರ್‌ಡಬ್ಲ್ಯೂ, ಅಳಿಸಿ ಮತ್ತೆ ಮತ್ತೆ ಬರೆಯಬಹುದಾದದ್ದು.

ಕಾಕ ಮೈನಸ್ಸನ್ನು ಬೆರಳಿನಿಂದ ಆಚೆ ತಳ್ಳಿದರು. "ಮಗುವಿಗೆ ಕಳಿಸುದಕ್ಕೆ ಮೈನಸ್ ಎಂತಕ್ಕೆ ಮಾರಾಯ?"

"ಕಾಕಾ, ಹಳೆ ಪ್ಲೇಯರಿಗೆ ಮೈನಸ್ಸೇ ಚೆನ್ನಾಗಿ ಹೊಂದೋದು," ಎಂದರು ಅಂಗಡಿಯವರು. "ಒಮ್ಮೆ ಬರೆದ್ರೆ ಮುಗೀತು. ಯಾರೂ ಅಳಿಸೋದಕ್ಕಾಗೋದಿಲ್ಲ."

ಎರಡು ಪದರದ್ದನ್ನು ಬಿಟ್ಟು ಉಳಿದ ಮೂರೂ ಜಾತಿಯದನ್ನು ತಂದು, ಮೂರರಲ್ಲೂ ಒಂದೇ ವಿಡಿಯೋ ಹಾಕಿ, ರಜೆಗೆ ಹೋಗುವ ವೆಲ್ಡರ್ ಒಬ್ಬನ ಕೈಯಲ್ಲಿ ಕಳಿಸಿದೆವು. ಕ್ಯಾಂಪಿನಲ್ಲಿ ರಜೆಗೆ ಹೋಗುವವನ ಪೆಟ್ಟಿಗೆ ಅವನೊಬ್ಬನದಲ್ಲ, ಹತ್ತು ಮನೆಯದು. ವಿಡಿಯೋದಲ್ಲಿ ಕಾಕ ಮಂಚದ ಮೇಲೆ ಕೂತು ಹತ್ತು ನಿಮಿಷ ಕೈಯಾಡಿಸಿದ್ದರು. ಗಡ್ಡ ಹಿಡಿದು ಎಳೆದರೆ ಉಪ್ಪ. ಎರಡು ಕೈಯಲ್ಲಿ ದೊಡ್ಡ ಹೊಟ್ಟೆ ತೋರಿಸಿದರೆ ಕ್ಯಾಂಪಿನ ಅಡುಗೆಯವನು. ಕಣ್ಣಿನ ಸುತ್ತ ಎರಡು ಸೊನ್ನೆ ಬರೆದರೆ ಕನ್ನಡಕದ ನಾನು.

ವಾರದೊಳಗೆ ವರದಿ ಬಂತು. ಮೈನಸ್ಸೂ ಪ್ಲಸ್ಸೂ ಹಾಕಿದ ಕೂಡಲೇ ಓಡಿದವು. ಆರ್‌ಡಬ್ಲ್ಯೂ ಮಾತ್ರ ಗರಗರ ಎಂದು ತುಂಬ ಹೊತ್ತು ಸತಾಯಿಸಿ ಓಡಿತು. ಹುಡುಗಿ ಟಿವಿಯ ಎದುರೇ ಕೂತು ಊಟ ಮಾಡುತ್ತಾಳಂತೆ, ಉಪ್ಪನಿಗೂ ಒಂದು ತುತ್ತು ಹಿಡಿಯುತ್ತಾಳಂತೆ.

ಬುದ್ಧಿ ಇದ್ದವನು ಅಲ್ಲಿಗೆ ಮೈನಸ್ ಎಂದು ತೀರ್ಮಾನಿಸುತ್ತಿದ್ದ. ನನಗೆ ಓದಿದ್ದು ತಲೆಗೇರಿತ್ತು. ಓಡುವುದು ಹೇಗೂ ಓಡುತ್ತದೆ, ಒಂದೇ ಡಿಸ್ಕು ಹೋಗಿ ಬಂದು ಮಾಡಿದರೆ ಸಾಕಲ್ಲ, ಪ್ರತಿ ಸಲ ಹೊಸದು ಯಾಕೆ ಎಂದು ವಾದಿಸಿದೆ. ಕಾಕ ನನ್ನನ್ನು ನಂಬಿದರು. ನೋಡಿ ಆದ ಮೇಲೆ ಆರ್‌ಡಬ್ಲ್ಯೂವನ್ನು ವಾಪಸ್ ಕಳಿಸಿ ಎಂದು ಮನೆಗೆ ಫೋನಿನಲ್ಲಿ ಹೇಳಿದರು.

ರಜೆ ಮುಗಿಸಿ ಬಂದ ವೆಲ್ಡರ್ ಡಿಸ್ಕನ್ನು ತಂದುಕೊಟ್ಟ. ಉಪ್ಪಿನಕಾಯಿ ಬಾಟಲಿಯ ಪಕ್ಕದಲ್ಲಿ, ಮಗುವಿನ ಹಳೆಯ ತಲೆವಸ್ತ್ರವೊಂದರಲ್ಲಿ ಸುತ್ತಿತ್ತು. ಕಾಕ ಡ್ಯೂಟಿಯಲ್ಲಿದ್ದರು. ಬರುವಷ್ಟರಲ್ಲಿ ತಯಾರಿರಲಿ ಎಂದು ನಾನು ಡಿಸ್ಕನ್ನು ಬರ್ನರಿಗೆ ಹಾಕಿ, ಒಳಗೇನಿದೆ ಎಂದು ತೆರೆದೂ ನೋಡದೆ ಅಳಿಸಿದೆ. ಬೇಗ ಅಳಿಸುವ ದಾರಿಯೂ ಇತ್ತು, ಅದರಲ್ಲಿ ಹಳೆಯದನ್ನು ಹೆಕ್ಕಿ ತೆಗೆಯುವ ಆಸೆಯಾದರೂ ಉಳಿಯುತ್ತದೆ. ನಾನು ಶುದ್ಧವಾಗಲಿ ಎಂದು ಪೂರ್ತಿ ಅಳಿಸುವುದನ್ನೇ ಒತ್ತಿ, ಬಟ್ಟೆ ಒಗೆಯಲು ಹೋದೆ.

ಶುಕ್ರವಾರ ಕಾಕ ಫೋನ್ ಮಾಡಿದಾಗ ಅವರ ಹೆಂಡತಿಯ ಮಾತು ನನಗೂ ಕೇಳುತ್ತಿತ್ತು. ಬ್ಯಾರಿ ನನಗೆ ಅರ್ಧ ತಿಳಿಯುತ್ತದೆ, ಉಳಿದರ್ಧ ಕಾಕನ ಮುಖದಲ್ಲಿ ಕಾಣಿಸಿತು. ಡಿಸ್ಕು ನೋಡಿದಿರಾ ಎಂದು ಅವರು ಕೇಳುತ್ತಿದ್ದರು. ಖಾಲಿ ಕಳಿಸುವುದು ಹೇಗೆ ಎಂದು ಪೇಟೆಯ ಸ್ಟುಡಿಯೋದವನಿಂದ ಮಗಳ ವಿಡಿಯೋ ತೆಗೆಸಿ ಅದರಲ್ಲೇ ಸೇರಿಸಿದ್ದರಂತೆ. ಅವಳ ಶಾಲೆಯ ಟೀಚರ್ ಆರು ತಿಂಗಳಿಂದ ಬಾಯಿಯ ಎದುರು ಕಾಗದದ ಚೂರು ಹಿಡಿದು, ಉಸಿರಿಗೆ ಅದು ಹಾರುವಂತೆ ಮಾಡಿಸಿ, ಒಂದು ಶಬ್ದ ಕಲಿಸಿದ್ದರು. ಆ ವಿಡಿಯೋದಲ್ಲಿ ಹುಡುಗಿ ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು "ಉಪ್ಪ" ಎಂದಿದ್ದಳು.

ಪಕ್ಕದ ಮನೆಯಿಂದ ಸಾರು ಬಂದ ಪಾತ್ರೆಯನ್ನು ನಮ್ಮ ಕಡೆ ಯಾರಾದರೂ ಬರಿದಾಗಿ ಹಿಂದಿರುಗಿಸುತ್ತಾರೆಯೇ? ಏನೂ ಇಲ್ಲದಿದ್ದರೆ ನಾಲ್ಕು ಹರಳು ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ನನ್ನ ತಾಯಿಯೂ ಹಾಗೇ. ಕಾಕನ ಮನೆಯ ಉಪ್ಪಿನಕಾಯಿ ಬಾಟಲಿಯಲ್ಲಿ ಖರ್ಜೂರ ತುಂಬಿಸಿ ವಾಪಸ್ ಕಳಿಸುತ್ತಿದ್ದವನು ನಾನೇ. ಬಾಟಲಿಗೆ ಇದ್ದ ಮರ್ಯಾದೆ ಡಿಸ್ಕಿಗೂ ಇರಬಹುದೆಂದು ನನ್ನ ಪಂಡಿತ ತಲೆಗೆ ಹೊಳೆಯಲಿಲ್ಲ.

ಕಾಕ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. "ಡಿಸ್ಕ್ ಅಳಿಸಿ ಹೋಯ್ತು, ನೋಡ್ಲಿಕ್ಕೆ ಆಗ್ಲಿಲ್ಲ," ಎಂದರು ಹೆಂಡತಿಗೆ. ಯಾರು ಅಳಿಸಿದ್ದೆಂದು ಹೇಳಲಿಲ್ಲ. ಫೋನಿಟ್ಟು ನನ್ನನ್ನು ಊಟಕ್ಕೆ ಕರೆದರು. ಎರಡು ಬೈಗುಳ ಬೈದಿದ್ದರೆ ನಾನು ಅನ್ನ ತಿನ್ನುತ್ತಿದ್ದೆ. ಎರಡು ದಿನ ಏನೇನೋ ಸಾಫ್ಟ್‌ವೇರ್ ಹಾಕಿ ಹುಡುಕಿದೆ, ಏನೂ ಸಿಗಲಿಲ್ಲ. ಸ್ಟುಡಿಯೋದವನ ಬಳಿಯೂ ಪ್ರತಿ ಉಳಿದಿರಲಿಲ್ಲ.

ಮೂರನೆಯ ದಿನ ಕಾಕ ಕ್ಯಾಮೆರಾ ತೆಗೆಯಲು ಹೇಳಿದರು.

"ಮಗಳಿಗೆ ನೋಡಿದೆ ಅಂತ ಸುಳ್ಳು ಹೇಳುದು ಬೇಡ. ಯಾವ ಅಂಗಿ ಹಾಕಿದ್ದೆ ಅಂತ ಕೇಳಿದ್ರೆ ನಾನು ಎಂತ ಹೇಳ್ಲಿ? ನೀನೂ ಬಾ, ಎದುರು ನಿಲ್ಲು."

ಅವರು ಗಡ್ಡ ಹಿಡಿದರು, ಕಣ್ಣು ತೋರಿಸಿ ಇಲ್ಲವೆಂದು ಕೈಯಾಡಿಸಿದರು, ನನ್ನ ಕಡೆ ಬೆರಳು ತೋರಿಸಿದರು. ನಾನು ಎರಡೂ ಕಿವಿ ಹಿಡಿದು ಹತ್ತು ಬಸ್ಕಿ ಹೊಡೆದೆ. ಕಾಕ ಕೊನೆಗೆ ಒಂದು ಬೆರಳೆತ್ತಿ ಬಾಯಿ ಮುಟ್ಟಿದರು, ಇನ್ನೊಂದು ಸಲ ಹೇಳು ಎಂದು. ಅದನ್ನು ಒಮ್ಮೆ ಮಾತ್ರ ಬರೆಯುವ ಡಿಸ್ಕಿನಲ್ಲಿ ಹಾಕಿದೆವು. "ಮೈನಸ್ಸಾದ್ರೂ ಅಡ್ಡಿಲ್ಲ," ಎಂದರು ಕಾಕ.

ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಈ ಸಲ ಕಾಕನೇ ತಮ್ಮ ಕೈಯಿಂದ ಡಿಸ್ಕನ್ನು ಹಾಕಿದರು, ನಾನು ಮುಟ್ಟಲಿಲ್ಲ. ಹಸಿರು ಅಂಗಿ, ಎರಡು ಜಡೆ. ಮೊದಲು ಕಣ್ಣಿನ ಸುತ್ತ ಸೊನ್ನೆ ಬರೆದು, ಕಿವಿ ಹಿಡಿದು ನನ್ನ ಹಾಗೆ ಏದುಸಿರು ಬಿಡುತ್ತ ಬಸ್ಕಿ ಹೊಡೆದು ತೋರಿಸಿದಳು. ಕಾಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಪಕ್ಕದಿಂದ ತಾಯಿಯ ಕೈ ಬಂದು ಅವಳ ತುಟಿ ಮುಟ್ಟಿತು. ಹುಡುಗಿ ಆ ಕೈಯನ್ನು ಸರಿಸಿ, ತನ್ನ ಬಾಯಿಯನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡಳು. ತಾಯಿ ಮತ್ತೆ ಮುಟ್ಟಿದರು, ಅವಳು ಮತ್ತೆ ತಲೆಯಾಡಿಸಿದಳು. ಹಾಗೇ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಗಡ್ಡ ಎಳೆದಳು, ವಿಮಾನ ಹಾರಿಸಿದಳು, ಅದನ್ನು ತನ್ನ ಕಾಲಿನ ಹತ್ತಿರ ನೆಲಕ್ಕೆ ಇಳಿಸಿ, ಆ ಜಾಗವನ್ನು ಎರಡು ಸಲ ತಟ್ಟಿದಳು.

ಮನೆಯ ಮೇಲಿನ ಮಹಡಿ ಮುಗಿಯಲಿ ಎಂದು ಕಾಕ ರಜೆಯನ್ನು ಎರಡು ಸಲ ಮುಂದೂಡಿದ್ದರು. ಡಿಸ್ಕನ್ನು ಮೂರು ಸಲ ನೋಡಿ, ತೆಗೆದು, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಶನಿವಾರ ಆಫೀಸಿಗೆ ಬಂದು ನನ್ನ ಮೇಜಿನ ಎದುರು ಕೂತು ರಜೆಯ ಫಾರ್ಮ್ ಕೇಳಿದರು. ಇಂಗ್ಲಿಷಿನ ಫಾರ್ಮುಗಳನ್ನು ಎಲ್ಲರಿಗೂ ತುಂಬಿಕೊಡುವವನು ನಾನೇ. ಹೆಸರು, ವಾಸದ ಪರವಾನಗಿ ಇಕಾಮಾದ ನಂಬರ್ ಬರೆದು ಮುಗಿಸಿ, ಕಾರಣ ಎಂಬಲ್ಲಿಗೆ ಬಂದು ಪೆನ್ನು ನಿಲ್ಲಿಸಿದೆ. ಎಲ್ಲರಿಗೂ ವಾರ್ಷಿಕ ರಜೆ ಎಂದು ಬರೆಯುವುದು ರೂಢಿ.

"ಎಂತ ಬರೆಯುದು ಕಾಕ?"

"ಮಗಳು ಕರೆದಿದ್ದಾಳೆ ಅಂತ ಬರಿ," ಎಂದರು.