ತಲೆಯ ಮೇಲೆ ಇಲ್ಲದ ಹೊರೆ

ಇನ್ನೂರನೆಯ ಮೆಟ್ಟಿಲಿಗೆ ಕುಂಕುಮ ಇಡಲು ಬಗ್ಗಿದ್ದೇ ತಡ, ಚಾಮುಂಡಿಬೆಟ್ಟವೇ ಬುಗುರಿಯಂತೆ ತಿರುಗಿತು. ಕಣ್ಣು ಮುಚ್ಚಿ ಮೆಟ್ಟಿಲನ್ನೇ ತಬ್ಬಿಕೊಂಡೆ. ಸ್ವಾತಂತ್ರ್ಯ ಬಂದ ಮರುವರ್ಷದ ಆಷಾಢವದು. ಸಾವಿರ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತೇನೆಂದು ನಾನು ಹರಕೆ ಹೊತ್ತಿದ್ದೇ ತಲೆಸುತ್ತು ವಾಸಿಯಾಗಲೆಂದು! ಅದಕ್ಕೆ ಸಾವಿರ ಸಲ ತಲೆ ಬಗ್ಗಿಸಬೇಕೆಂಬುದು ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಸಾಕು, ಇಳಿದು ಹೋಗೋಣ ಬಾಮ್ಮ" ಎಂದು ಅತ್ತೆಯವರು ಅಳತೊಡಗಿದರು.

ಸೌದೆ ಹೊರೆ ಹೊತ್ತು ಇಳಿಯುತ್ತಿದ್ದ ಮುದುಕಿಯೊಬ್ಬಳು ನಮ್ಮ ಪಕ್ಕ ನಿಂತಳು. "ಕಣ್ ಮುಚ್ಬ್ಯಾಡಿ ಕಣವ್ವ, ಆ ಬಂಡೆನೇ ನೋಡ್ತಾ ಇರಿ. ತಲೆ ಮ್ಯಾಲೆ ನನ್ನಂಗೇ ಹೊರೆ ಅದೆ ಅಂದ್ಕಳಿ. ತಲೆ ಬಗ್ಗುಸ್ಬ್ಯಾಡಿ, ಮಂಡಿ ಬಗ್ಸಿ" ಎಂದು, ಹೊರೆ ಅಲುಗದಂತೆ ಕುಳಿತು ಎದ್ದು ತೋರಿಸಿದಳು.

ಬಂಡೆಯನ್ನೇ ದಿಟ್ಟಿಸಿದೆ. ಸ್ವಲ್ಪ ಹೊತ್ತಿಗೆ ಬೆಟ್ಟ ನಿಂತಿತು. ಅಲ್ಲಿಂದ ಪ್ರತಿ ಮೆಟ್ಟಿಲಿಗೂ ನೆಟ್ಟಗೆ ಕುಳಿತು, ಕೈಯಷ್ಟೇ ಚಾಚಿ ಕುಂಕುಮ ಇಟ್ಟು, ನಿಧಾನವಾಗಿ ಎದ್ದೆ. ಕೊನೆಯ ಮೆಟ್ಟಿಲಿಗೂ ಇಟ್ಟೆ. ವಾಪಸ್ ಹೋಗೋಣವೆಂದಿದ್ದ ಅತ್ತೆಯವರು ಇಪ್ಪತ್ತು ಮೆಟ್ಟಿಲು ಕೆಳಗೆ ಏದುಸಿರು ಬಿಡುತ್ತಿದ್ದರು.

ತಲೆಸುತ್ತು ಈಗಲೂ ಆಗೊಮ್ಮೆ ಬರುತ್ತದೆ. ಬಂದಾಗ ಹೊರೆ ಹೊತ್ತವಳಂತೆ ನೆಟ್ಟಗೆ ಕುಳಿತುಬಿಡುತ್ತೇನೆ. ಸುತ್ತಿ ಸುತ್ತಿ ಸೋಲುವುದು ಅದೇ.