ಹಿಡಿದು ಹೊಲಿದ ಲೈಫ್ ಜಾಕೆಟ್

ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಅದನ್ನು ಕಣ್ಣಾರೆ ನೋಡಬೇಕೆಂದಿದ್ದವರು ಕತ್ತರಿ ಅಕ್ಕನ ಮನೆಗೆ ಬರಬಹುದಿತ್ತು. ಅವಳ ಯಜಮಾನರು ಬಸ್ ಡ್ರೈವರ್ ಕೆಲಸದಿಂದ ನಿವೃತ್ತರಾಗಿ, ಮನೆಯಲ್ಲಿ ಸುಮ್ಮನೆ ಕೂರಲಾರದೆ ಒಂದು ದೋಣಿ ತಂದಿದ್ದರು. ಯಾರೋ ಓಡಿಸಿ ಬಿಟ್ಟ ನೀಲಿ ದೋಣಿ, ಹಿಂದುಗಡೆ ಒಂದು ಸಣ್ಣ ಮೋಟಾರು. ಊರ ಹಿಂದಿನ ದೊಡ್ಡ ಕೆರೆಯಲ್ಲಿ ಭಾನುವಾರ ಸುತ್ತು ಹೊಡೆಯುವುದಕ್ಕಂತೆ! ಈಜು ಬರುತ್ತದೆಯೇ ಅಂದರೆ, ಬಕೆಟ್ ನೀರಲ್ಲಿ ಮುಖ ತೊಳೆಯುವಾಗಲೂ ಮೂಗು ಹಿಡಿದುಕೊಳ್ಳುವ ಆಸಾಮಿ.

ಕತ್ತರಿ ಅಕ್ಕ ಎಂಬ ಹೆಸರು ಬೀದಿಯವರು ಇಟ್ಟದ್ದು. ಬೀದಿಯ ಮೂಲೆಯಲ್ಲಿ ಅವಳ ಹೊಲಿಗೆ ಅಂಗಡಿ. ಒಂದು ಮಷೀನು, ಒಂದು ಇಸ್ತ್ರಿ ಮೇಜು, ಗೋಡೆಗೆ ಒರಗಿಸಿದ ನಿಲುವುಗನ್ನಡಿ. ಹೊಸ ಬಟ್ಟೆ ಹೊಲಿಯುವುದಕ್ಕಿಂತ ಬೇರೆಯವರು ಹೊಲಿದದ್ದನ್ನು ಸರಿಮಾಡಿಕೊಡುವುದೇ ಅವಳ ಹೊಟ್ಟೆಪಾಡು. ದಪ್ಪಗಾದವರಿಗೆ ಹೊಲಿಗೆ ಬಿಚ್ಚಿ ಅಗಲ ಮಾಡುವಳು, ಸಣ್ಣಗಾದವರಿಗೆ ಹಿಡಿದು ಹೊಲಿಯುವಳು. ಅವಳ ಕೈಯಿಂದ ಬಂದ ಕೋಟು ಮೈಗೆ ಒಪ್ಪಲಿಲ್ಲ ಎಂದವರಿಲ್ಲ. ಕೋಪ ಮಾತ್ರ ಮೂಗಿನ ತುದಿಯಲ್ಲಿ.

ದೋಣಿ ಬಂದಂದಿನಿಂದ ಅವಳ ನೆಮ್ಮದಿ ಹಾಳಾಯಿತು. ದಡದಲ್ಲಿ ಹೊಸಬರಿಗೆ ದೋಣಿ ಕಲಿಸುವವನನ್ನು ಎಲ್ಲರೂ ನೀರು ಮೇಷ್ಟ್ರು ಅನ್ನುತ್ತಿದ್ದರು. ಅವನು ಬಾಯಿ ನೋಯುವಷ್ಟು ಹೇಳಿದ್ದ: ಹೊರಡುವ ಮುಂಚೆ ಆಕಾಶ ನೋಡಿ, ಎಲ್ಲಿಗೆ ಹೋಗುತ್ತೀರೆಂದು ದಡದಲ್ಲಿ ಒಬ್ಬರಿಗಾದರೂ ತಿಳಿಸಿ, ದೋಣಿಯಲ್ಲಿ ಎದ್ದು ನಿಲ್ಲಬೇಡಿ, ಏನೇ ಆದರೂ ಲೈಫ್ ಜಾಕೆಟ್ ಬಿಚ್ಚಬೇಡಿ. ಯಜಮಾನರು ಮಾತ್ರ ಆಕಾಶದ ಕಡೆ ತಲೆ ಎತ್ತುತ್ತಿರಲಿಲ್ಲ. ಗುರುತಿನವರು ಕಂಡರೆ ಸಾಕು, ನಡು ನೀರಿನಲ್ಲಿ ಎದ್ದು ನಿಂತು ಕೈ ಬೀಸುತ್ತಿದ್ದರು. ಜಾಕೆಟ್ಟನ್ನು ಮಡಿಸಿ ಅದರ ಮೇಲೆ ಕೂತುಬಿಟ್ಟಿದ್ದರು. ದಿಂಬು ಇದ್ದ ಹಾಗಿದೆ, ಮೆತ್ತಗಿದೆ, ಅಂತ!

"ರೀ, ಅದನ್ನ ಮೈಮೇಲೆ ಹಾಕ್ಕೊಳ್ಳೋಕೆ ನಿಮಗೇನು ಧಾಡಿ?"

"ಲೇ, ಇಷ್ಟು ವರ್ಷ ಬಸ್ ಓಡಿಸಿದೀನಿ. ಒಬ್ಬರಿಗೂ ಒಂದು ಗೀರು ಬಿದ್ದಿಲ್ಲ."

"ಬಸ್ ಕೆಟ್ಟು ನಿಂತ್ರೆ ಇಳಿದು ನಡ್ಕೊಂಡು ಬರಬಹುದು. ನೀರಿನ ಮಧ್ಯ ಎಲ್ಲಿಗೆ ಇಳೀತೀರಾ?"

ಯಜಮಾನರು ಗಲ್ಲ ಕೆರೆದುಕೊಂಡು ಕೊನೆಗೆ ನಿಜ ಬಾಯಿಬಿಟ್ಟರು. "ಅದು ಹಾಕ್ಕೊಂಡ್ರೆ ಹಾಸಿಗೆ ಸುರುಳಿ ಎದ್ದು ಬಂದ ಹಾಗೆ ಕಾಣ್ತೀನಿ ಕಣೇ. ದಡದಲ್ಲಿ ಎಲ್ಲರೂ ನಗ್ತಾರೆ."

"ನಗಲಿ ಬಿಡಿ! ನಾಳೆ ನಮ್ಮನೆಗೆ ಬಂದು ಅಳೋದಕ್ಕಿಂತ ವಾಸಿ."

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಮೋಟಾರಿನ ಕೀ ಬಚ್ಚಿಟ್ಟಳು, ಹುಟ್ಟು ಹಾಕಿಕೊಂಡು ಹೋದರು. ಮಾತು ಬಿಟ್ಟಳು, ಮನೆ ತಣ್ಣಗಿದೆ ಎಂದು ಖುಷಿಯಾಗಿದ್ದರು. ಭಾನುವಾರ ಬಂತೆಂದರೆ ಅವಳಿಗೆ ಅಂಗಡಿಯಲ್ಲಿ ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಕೆರೆಯ ಕಡೆಯಿಂದ ಯಾರಾದರೂ ಬೇಗ ಬೇಗ ನಡೆದು ಬಂದರೆ ಮಷೀನು ನಿಲ್ಲಿಸಿ ಬಾಗಿಲಿಗೆ ಓಡುತ್ತಿದ್ದಳು. ಈ ಮನುಷ್ಯನ ಜಂಭಕ್ಕೆ ತಾನು ವಿಧವೆಯಾಗಬೇಕೇ ಎಂದು ಒಬ್ಬಳೇ ಬೈದುಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ದಿನ ಯಾರದೋ ಕೋಟಿನ ಹೆಗಲಿನ ಪ್ಯಾಡು ಕೀಳುತ್ತಿದ್ದಾಗ ಅವಳಿಗೆ ಹೊಳೆಯಿತು. ಅಯ್ಯೋ ಪೆದ್ದಿ, ಅವರ ತಕರಾರು ಚಂದದ್ದು ತಾನೇ! ಚಂದ ಮಾಡಿಕೊಡುವುದು ನನ್ನ ಕಸುಬಲ್ಲವೇ?

ಅಂದೇ ಜಾಕೆಟ್ ತಂದು ಮೇಜಿನ ಮೇಲೆ ಹರಡಿದಳು. ಹೊಲಿಗೆ ಬಿಚ್ಚಿದರೆ ಒಳಗೆ ಎದೆಗೂ ಬೆನ್ನಿಗೂ ದಪ್ಪ ದಪ್ಪ ಫೋಮು, ಪದರದ ಮೇಲೆ ಪದರ. ಜಿಪುಣತನವಿಲ್ಲದೆ ತುಂಬಿದ್ದಾರೆ, ಅಳತೆಯ ಜ್ಞಾನ ಮಾತ್ರ ಇಲ್ಲ ಎಂದು ಹೊಲಿದವರನ್ನು ಬೈದುಕೊಂಡಳು. ಕೋಟಿನಲ್ಲಿ ಪ್ಯಾಡು ಇರುವುದು ಆಕಾರಕ್ಕೆ; ಇಲ್ಲಿಯೂ ಹಾಗೆಯೇ ಇರಬೇಕು. ಮನುಷ್ಯನನ್ನು ಹಿಡಿದಿಡುವುದು ಪಟ್ಟಿ, ಬಕಲ್ಲು, ಹೊಲಿಗೆ. ಹೀಗೆಂದುಕೊಂಡು ಒಂದೇ ಪದರ ಉಳಿಸಿ ಮಿಕ್ಕದ್ದನ್ನೆಲ್ಲ ಕಿತ್ತಳು. ಸೊಂಟದ ಹತ್ತಿರ ಹಿಡಿದು ಹೊಲಿದಳು. ಪಟ್ಟಿಗಳಿಗೆ ಜೋಡಿ ಹೊಲಿಗೆ ಹಾಕಿ, ಹರಿಯುತ್ತದೆಯೇ ಎಂದು ಕಾಲಿನಲ್ಲಿ ಮೆಟ್ಟಿ ಎಳೆದು ನೋಡಿದಳು. ಕಿತ್ತ ಫೋಮನ್ನು ಬಿಸಾಡುವುದೇಕೆಂದು ಒಂದು ಹೂವಿನ ಬಟ್ಟೆಯೊಳಗೆ ತುಂಬಿ ತನ್ನ ಸ್ಟೂಲಿಗೆ ಕುಷನ್ ಮಾಡಿಕೊಂಡಳು. ಬೆನ್ನು ನೋವಿಗೆ ಹಿತವಾಗಿತ್ತು.

ಯಜಮಾನರು ಹಾಕಿಕೊಂಡು ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದರು. ಹೊಟ್ಟೆ ಒಳಗೆಳೆದುಕೊಂಡರು.

"ಭಲೇ! ಇದು ನೋಡು ಜಾಕೆಟ್ಟು ಅಂದ್ರೆ."

ಆ ವಾರ ಊಟಕ್ಕೆ ಕೂತಾಗಲೂ ಬಿಚ್ಚಲಿಲ್ಲ. ಅಂಗಡಿಯ ಪಕ್ಕದ ಫೋಟೋ ಸ್ಟುಡಿಯೋದವನಿಗೂ ದೋಣಿಯ ಹುಚ್ಚು. ಇವರದನ್ನು ನೋಡಿ ಅವನೂ ತನ್ನ ಜಾಕೆಟ್ ಹಿಡಿದುಕೊಂಡು ಓಡಿಬಂದ. "ಅಕ್ಕಾ, ನನಗೂ ಹೀಗೇ ಮಾಡಿಕೊಡಿ. ಫೋಟೋದಲ್ಲಿ ನಾನು ಡ್ರಮ್ಮಿನ ಹಾಗೆ ಬರ್ತೀನಿ." ಅದನ್ನೂ ಮಾಡಿಕೊಟ್ಟಳು. ಕುಷನ್ನು ಇನ್ನಷ್ಟು ದಪ್ಪಗಾಯಿತು.

ಮುಂದಿನ ಭಾನುವಾರ ಅವಳೂ ಗಂಡನ ಜೊತೆ ಕೆರೆಗೆ ಹೋದಳು. ಹೊಸದಾಗಿ ಜಾಕೆಟ್ ತೊಟ್ಟವರು ದಡದ ಮೆಟ್ಟಿಲು ಇಳಿದು, ಎದೆಮಟ್ಟದ ನೀರಿನಲ್ಲಿ ಕಾಲು ಎತ್ತಿ ತೇಲಿ ತೋರಿಸಬೇಕು. ಅದು ನೀರು ಮೇಷ್ಟ್ರ ಕಟ್ಟುನಿಟ್ಟು. ಜಾಕೆಟ್ಟನ್ನೇ ಹಾಕದ ಯಜಮಾನರು ಇಷ್ಟು ದಿನ ತಪ್ಪಿಸಿಕೊಂಡಿದ್ದರು. ಇವತ್ತು ಮದುಮಗನ ಗತ್ತಿನಲ್ಲಿ ಮೆಟ್ಟಿಲು ಇಳಿದರು. ಕತ್ತರಿ ಅಕ್ಕ ಮೇಲೆ ನಿಂತು, ಅಬ್ಬಾ, ಇನ್ನು ಭಾನುವಾರಗಳು ನನ್ನವು ಎಂದುಕೊಂಡಳು.

"ಕಾಲು ಎತ್ತಿ," ಎಂದ ಮೇಷ್ಟ್ರು.

ಎತ್ತಿದರು. ಗಲ್ಲ ಮುಳುಗಿತು, ಬಾಯಿ ಮುಳುಗಿತು, ಮೂಗೂ ಮುಳುಗಿತು. ನೀರಿನ ಮೇಲೆ ಬರೀ ಬೋಳು ತಲೆ ಉಳಿಯಿತು. ಗಾಬರಿಯಲ್ಲಿ ಕೈ ಬಡಿಯತೊಡಗಿದ ಅವರಿಗೆ ಕಾಲ ಕೆಳಗೇ ನೆಲವಿದೆ ಎನ್ನುವುದೂ ಮರೆತುಹೋಯಿತು. ಮೇಷ್ಟ್ರು ಪಟ್ಟಿ ಹಿಡಿದು ಮೇಲಕ್ಕೆಳೆದ. ಅವಳ ಜೋಡಿ ಹೊಲಿಗೆ ಒಂದು ಎಳೆಯೂ ಬಿಡಲಿಲ್ಲ.

ಮೇಷ್ಟ್ರು ಜಾಕೆಟ್ಟನ್ನು ಎರಡೂ ಕೈಯಲ್ಲಿ ಅದುಮಿ ನೋಡಿದ. ಮುಖ ಕೆಂಪಾಯಿತು. "ಇದರೊಳಗಿನ ಫೋಮ್ ಎಲ್ಲಿ? ಯಾವ ಪುಣ್ಯಾತ್ಮ ಕಿತ್ತಿದ್ದು? ತೇಲಿಸೋದೇ ಅದು ಕಣ್ರೀ! ಮಿಕ್ಕಿದ್ದೆಲ್ಲ ಬರೀ ಚೀಲ!"

ಕತ್ತರಿ ಅಕ್ಕ ದಡದಡ ಮೆಟ್ಟಿಲು ಇಳಿದು ಬಂದಳು. ಗಂಡ ಮೆಟ್ಟಿಲ ಮೇಲೆ ಕೆಮ್ಮುತ್ತ ಕೂತಿದ್ದರು, ಬದುಕಿದ್ದರು. ಅವಳ ಕಣ್ಣು ಹೋದದ್ದು ಕೆರೆಯ ಕಡೆಗೆ. ದೂರದಲ್ಲಿ ಒಂದು ದೋಣಿ, ಅದರಲ್ಲಿ ಕ್ಯಾಮೆರಾ ಹಿಡಿದು ನಿಂತ ಒಬ್ಬ ಮನುಷ್ಯ. ಫೋಟೋದವನು!

"ಮೇಷ್ಟ್ರೇ, ಅವನದನ್ನೂ ನಾನೇ ಕಿತ್ತಿದ್ದು! ಓಡಿ! ಕೂತ್ಕೊಳ್ಳೋ ಮಂಕೇ, ಕೂತ್ಕೋ!" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. ಅವನಿಗೆ ಏನು ಕೇಳಿಸಿತೋ, ಇನ್ನೂ ನೆಟ್ಟಗೆ ನಿಂತು ಇವರ ಕಡೆಗೇ ಕೈ ಬೀಸಿದ. ದೋಣಿ ವಾಲಿತು. ಕತ್ತರಿ ಅಕ್ಕ ಕಣ್ಣು ಮುಚ್ಚಿಕೊಂಡಳು. ಮೇಷ್ಟ್ರ ಮೋಟಾರು ದೋಣಿ ಹೊರಟ ಸದ್ದು ಕೇಳಿತು, ಆಮೇಲೆ ಏನೂ ಇಲ್ಲ. ಕಣ್ಣು ಬಿಡಲು ಅವಳಿಗೆ ಧೈರ್ಯವೇ ಸಾಲಲಿಲ್ಲ.

ಮೇಷ್ಟ್ರು ಅವನ ದೋಣಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದ. ಮಹಾನುಭಾವನ ಪ್ಯಾಂಟು ಕೂಡ ನೆನೆದಿರಲಿಲ್ಲ. ದಡ ಹತ್ತುತ್ತಲೇ ಸಿಡುಕಿದ. "ಏನಕ್ಕಾ ಇದು, ಎಲ್ಲರೆದುರಿಗೆ ಮಂಕೇ ಗಿಂಕೇ ಅಂತ?" ಅವಳು ಕೊರಳಲ್ಲಿ ನೇತಾಡುತ್ತಿದ್ದ ಕತ್ತರಿ ತೆಗೆದು, ಅವನ ಮೈಮೇಲಿದ್ದ ಹಾಗೆಯೇ ಜಾಕೆಟ್ಟನ್ನು ಹೆಗಲಿನಿಂದ ಸೊಂಟದವರೆಗೆ ಚರ್ರನೆ ಸೀಳಿದಳು. ಗಂಡನದನ್ನೂ ಸೀಳಿದಳು.

ಆಮೇಲೆ ಗಂಡನ ಮೇಲೆ ತಿರುಗಿಬಿದ್ದಳು. ಬೈಯಬೇಕಾದದ್ದು ಯಾರನ್ನು ಎಂದು ಗೊತ್ತಿದ್ದರೂ ತಡೆಯಲಾಗಲಿಲ್ಲ. "ಸರಿ ಇರೋದನ್ನ ಹಾಕ್ಕೊಳ್ಳಿ ಅಂತ ಬಡ್ಕೊಂಡೆ, ಕೇಳಲಿಲ್ಲ. ಈ ಹಾಳಾದ್ದನ್ನ ಮಾತ್ರ ಯಾಕ್ರೀ ಹಾಕ್ಕೊಂಡ್ರಿ?"

ಯಜಮಾನರು ಮೂಗಿನ ನೀರು ಒರೆಸಿಕೊಂಡರು. "ಇದು ನೀನು ಹೊಲಿದಿದ್ದಲ್ವೇನೇ?" ಎಂದರು.

ಅವಳು ದಡದ ಮೇಲಿನ ಮೇಷ್ಟ್ರ ಕೋಣೆಯ ಗೂಟಕ್ಕೆ ನೇತುಹಾಕಿದ್ದ ದಪ್ಪ ಜಾಕೆಟ್ ತಂದು ತಾನೇ ತೊಡಿಸಿದಳು. ಪಟ್ಟಿ ಬಿಗಿದು, ಮತ್ತೊಮ್ಮೆ ನೀರಿಗಿಳಿಸಿ, ಗಲ್ಲ ಮೇಲೆ ನಿಲ್ಲುವುದನ್ನು ನೋಡುವ ತನಕ ಬಿಡಲಿಲ್ಲ. ಯಜಮಾನರು ಹಾಸಿಗೆ ಸುರುಳಿಯಂತೆಯೇ ಕಂಡರು, ದಡದವರು ನಕ್ಕರು, ಆದರೂ ಈ ಸಲ ಯಜಮಾನರು ಅದನ್ನು ಬಿಚ್ಚಲಿಲ್ಲ.

ಅಂಗಡಿಗೆ ಬಂದವಳೇ ಸ್ಟೂಲಿನ ಕುಷನ್ನು ತೆಗೆದು ಹೊಲಿಗೆ ಬಿಚ್ಚತೊಡಗಿದಳು.

"ಅದನ್ಯಾಕೆ ಬಿಚ್ತೀಯ? ಬೆನ್ನಿಗೆ ಹಿತವಾಗಿದೆ ಅಂತಿದ್ದೆಯಲ್ಲ," ಎಂದರು ಯಜಮಾನರು.

"ಸುಮ್ನಿರಿ," ಎಂದಳು, ತಲೆ ಎತ್ತದೆ. "ಇಷ್ಟು ದಿನ ನಿಮ್ಮ ಪ್ರಾಣದ ಮೇಲೇ ಕೂತಿದ್ದೆ."