ಹಿಂದುಗಡೆ ಕೂತಿದೆ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಸೀಟಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಏನಿತ್ತೋ, ಕರೆಯುವವರಿಲ್ಲದೆ ಅವಳಿಗೇ ಮರೆತಂತಾಗಿತ್ತು. ತಮ್ಮನ ಗ್ಯಾರೇಜಿನ ಮುಂಭಾಗದಲ್ಲಿ, ಬೆಳಕು ಬೀಳುವ ಕಡೆಗೆ ಹೊಲಿಗೆ ಮಿಷನ್ ಹಾಕಿಕೊಂಡು ಸೈಕಲ್ಲಿಗೂ ಮೋಟರ್ ಸೈಕಲ್ಲಿಗೂ ಸೀಟು ಹೊಲಿಯುವುದು ಅವಳ ಕಸುಬು. ತಮ್ಮ ಇಂಜಿನ್ ಬಿಚ್ಚುತ್ತಿದ್ದ, ಅಕ್ಕ ಸೀಟು ಬಿಚ್ಚುತ್ತಿದ್ದಳು. ಹರಿದ ಸೀಟನ್ನು ನೋಡಿದರೆ ಸಾಕು, ಅದರ ಮೇಲೆ ಕೂರುವವರು ಎಂಥವರು ಎಂದು ಹೇಳಿಬಿಡುವಳು. ಬಲಗಡೆ ತಗ್ಗಾಗಿದ್ದರೆ ಜೇಬಿನ ಪಾಕೀಟು ದಪ್ಪವೆಂದು, ಮುಂದುಗಡೆ ಸವೆದಿದ್ದರೆ ಸವಾರನಿಗೆ ಯಾವಾಗಲೂ ಆತುರವೆಂದು. ಗಿರಾಕಿಗಳು ನಾಚಿಕೊಂಡು ನಗುತ್ತಿದ್ದರು.

ಆ ನಗು ನಿಂತು ಎಷ್ಟೋ ಕಾಲವಾಗಿತ್ತು. ದೊಡ್ಡವರು ಸೈಕಲ್ ಬಿಟ್ಟರು. ಮೋಟರ್ ಸೈಕಲ್ಲುಗಳೆಲ್ಲ ಕಂಪನಿಯ ಗಾಜಿನ ಶೋರೂಮಿಗೇ ಹೋಗತೊಡಗಿದವು. ಸೀಟಿನ ಕವರು ಪ್ಲಾಸ್ಟಿಕ್ ಚೀಲದೊಳಗೆ ಸಿದ್ಧವಾಗಿ ಸಿಗುತ್ತಿತ್ತು. ಟೋಪಿ ಹಾಕಿದ ಹಾಗೆ ಹಾಕಿದರೆ ಆಯಿತು. ಎದುರಿನ ಬಿಡಿಭಾಗದ ಅಂಗಡಿ ಮುಚ್ಚಿತು. ಪಂಕ್ಚರ್ ಹಾಕುವವನು ಗಾಳಿ ಮಿಷನ್ ಮಾರಿ ಯಾವುದೋ ಕಟ್ಟಡದ ಕಾವಲಿಗೆ ಹೋದ. ಅವನ ಅಂಗಡಿಯ ಮುಂದೆ ಗುರುತಿಗೆಂದು ನೇತುಹಾಕಿದ್ದ ಚಕ್ರ ಮಾತ್ರ ಉಳಿದು, ಗಾಳಿ ಇಲ್ಲದಾಗಲೂ ಒಮ್ಮೊಮ್ಮೆ ಮೆಲ್ಲಗೆ ತಿರುಗುತ್ತಿತ್ತು. ಸೀಟಕ್ಕ ಅತ್ತ ನೋಡುವುದನ್ನೇ ಬಿಟ್ಟಿದ್ದಳು. ಅವಳ ರೆಗ್ಜಿನ್ ಸುರುಳಿಗಳು ನಿಂತಲ್ಲೇ ಒಣಗಿ ಸೀಳುಬಿಟ್ಟವು. ಅಕ್ಕ ತಮ್ಮ ಇಬ್ಬರೂ ನೊಣ ಹೊಡೆಯುತ್ತಾ ಕೂರುವ ಹಾಗಾಯಿತು. ಮಳಿಗೆಯ ಯಜಮಾನರು ಒಂದು ದಿನ ಬಂದು, ಬಾಡಿಗೆ ಕೊಡಿ, ಇಲ್ಲವೇ ಬೀಗದ ಕೈ ಕೊಡಿ ಎಂದು ಮೆತ್ತಗೇ ಹೇಳಿ ಹೋದರು. ಮೆತ್ತಗೆ ಹೇಳಿದ್ದರಿಂದಲೇ ಇಬ್ಬರಿಗೂ ಹೆದರಿಕೆಯಾಯಿತು.

ತಮ್ಮ ಒಂದು ದಾರಿ ಹುಡುಕಿದ. ತನ್ನ ಒಳ್ಳೆಯ ಸಾಮಾನುಗಳನ್ನೆಲ್ಲ ಮಾರಿ, ಒಂದು ಹಳೆಯ ಮೋಟರ್ ಸೈಕಲ್ ಕೊಂಡು, ಹೊಸದರ ಹಾಗೆ ಮಾಡಿ ಮಾರುವುದು. ಅದು ಮಾರಿಹೋದರೆ ಅಂಗಡಿ ಉಳಿಯಿತು. ಹೋಗದಿದ್ದರೆ ಅಕ್ಕನ ಮಿಷನ್ನೂ ಬೀದಿಗೆ.

ಗಾಡಿ ಸಿಕ್ಕಿದ್ದು ಮುಂದಿನ ಬೀದಿಯ ಗಡಿಯಾರ ರಿಪೇರಿಯವರಿಂದ. ಅವರು ಅದನ್ನು ಓಡಿಸಿಕೊಂಡು ಬರಲಿಲ್ಲ, ತಳ್ಳಿಕೊಂಡು ಬಂದರು. ಒಂದು ಕೈ ಹ್ಯಾಂಡಲ್ಲಿನ ಮೇಲೆ, ಇನ್ನೊಂದು ಕೈ ಹಿಂದಿನ ಸೀಟಿನ ಮೇಲೆ, ಹುಷಾರಿಲ್ಲದವರನ್ನು ನಡೆಸಿಕೊಂಡು ಬರುವವರ ಹಾಗೆ. ಕೊಟ್ಟು ಹೋಗುವಾಗ ಸೀಟಕ್ಕನ ಕಡೆ ತಿರುಗಿ, "ಹಿಂದುಗಡೆ ಕೂತಿದೆ. ಸ್ವಲ್ಪ ನೋಡ್ಕೊಳ್ಳಿ ಅಮ್ಮ" ಎಂದರು.

ಸೀಟು ಕೂತುಹೋಗುವುದು ಅವಳಿಗೆ ಹೊಸದೇ? ಹಳೆಯ ಫೋಮ್ ಕಿತ್ತು ಹೊಸದನ್ನು ತುಂಬಿ, ಕಪ್ಪು ರೆಗ್ಜಿನ್ ಬಿಗಿದು ಹೊಲಿದಳು. ಕೈಯಿಂದ ಒತ್ತಿದರೆ ಚೆಂಡಿನ ಹಾಗೆ ಪುಟಿಯಬೇಕು, ಹಾಗೆ. ಬೆಳಿಗ್ಗೆ ಬಂದು ಷಟರ್ ಎತ್ತಿದರೆ ಹಿಂದಿನ ಭಾಗ ತಗ್ಗಿತ್ತು. ಬೆಕ್ಕು ಮಲಗಿರಬೇಕು ಎಂದ ತಮ್ಮ. ಅಷ್ಟು ತೂಕದ ಬೆಕ್ಕಿದ್ದರೆ ಅದನ್ನೇ ಮಾರೋಣ ಬಿಡು ಎಂದು ಅಕ್ಕ ನಕ್ಕಳು. ಫೋಮ್ ಕೊಟ್ಟವನಿಗೆ ಬೈದು, ಈ ಸಲ ಗಟ್ಟಿ ಫೋಮನ್ನು ಒತ್ತಿ ಒತ್ತಿ ತುಂಬಿದಳು. ಮರುದಿನವೂ ಅದೇ ಕತೆ. ಆಗ ಅವಳು ತಗ್ಗನ್ನು ಸರಿಯಾಗಿ ನೋಡಿದಳು. ಅದು ನಡುವೆ ಇರಲಿಲ್ಲ, ಎಡಗಡೆಗಿತ್ತು. ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂರುವ ಹೆಂಗಸಿನ ತಗ್ಗು. ಸಣ್ಣ ಮೈಕಟ್ಟಿನವಳು. ಸೀಟಕ್ಕ ಅಂಗೈ ಇಟ್ಟಳು, ಚಕ್ಕನೆ ತೆಗೆದಳು. ಸುತ್ತಲಿನ ರೆಗ್ಜಿನ್ ತಣ್ಣಗಿತ್ತು. ತಗ್ಗು ಬೆಚ್ಚಗಿತ್ತು.

ತಮ್ಮನಿಗೆ ಹೇಳಲಿಲ್ಲ. ಮೊದಲೇ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಿರಾಕಿಗೆ ಕಾಯುತ್ತಿದ್ದ. ಗಿರಾಕಿಗಳೇನೋ ಬಂದರು. ಬಣ್ಣ ಮೆಚ್ಚಿದರು, ಸದ್ದು ಮೆಚ್ಚಿದರು, ಒಂದು ಸುತ್ತು ಹೋಗಿ ಬಂದು ಕೀಲಿ ವಾಪಸ್ ಕೊಟ್ಟರು. ಏನಾಯಿತೆಂದು ಕೇಳಿದರೆ ಮನೆಯಲ್ಲಿ ಕೇಳಿ ಬರುತ್ತೇವೆ ಎಂದು ಜಾರಿಕೊಂಡರು. ಒಬ್ಬ ಗಾರೆ ಕೆಲಸದವನು ಮಾತ್ರ ಬಾಯಿಬಿಟ್ಟ.

"ಡಬಲ್ಸ್ ಹೋದ ಹಾಗಾಯ್ತಣ್ಣ. ನಾನೊಬ್ಬನೇ ಇದ್ದೆ, ಗಾಡಿ ಇಬ್ಬರನ್ನ ಎಳೀತಿತ್ತು."

ತಮ್ಮ ಶಾಕ್ ಅಬ್ಸಾರ್ಬರ್ ಬದಲಾಯಿಸಿದ, ಚೈನು ಬದಲಾಯಿಸಿದ, ಕೊನೆಗೆ ತಲೆ ಮೇಲೆ ಕೈ ಹೊತ್ತು ಕೂತ. ಸೀಟಕ್ಕ ಚಪ್ಪಲಿ ಮೆಟ್ಟಿಕೊಂಡು, ಬೀದಿಯ ಕೊನೆಯಲ್ಲಿ ಬಲಕ್ಕೆ ತಿರುಗಿ ಗಡಿಯಾರದವರ ಮನೆಗೆ ಹೋದಳು.

ಒಂದೇ ಕೋಣೆಯ ಮನೆ. ಗೋಡೆಯ ತುಂಬ ರಿಪೇರಿಗೆ ಬಂದು ಯಾರೂ ಒಯ್ಯದ ಗಡಿಯಾರಗಳು, ಒಂದೊಂದು ಒಂದೊಂದು ಹೊತ್ತು ತೋರಿಸುತ್ತಾ. ಅವರು ಕುರ್ಚಿ ಒರೆಸಿ ಕೂರಿಸಿದರು. ಅವಳು ಸುತ್ತಿ ಬಳಸಿ ಮಾತಾಡಲಿಲ್ಲ, ಆ ಗಾಡಿಗೆ ಏನಾಗಿದೆ ಎಂದು ಕೇಳಿದಳು.

"ನಾನು ಅವತ್ತೇ ಹೇಳಿದ್ನಲ್ಲಮ್ಮ, ಹಿಂದುಗಡೆ ಕೂತಿದೆ ಅಂತ."

"ಸೀಟು ಕೂತಿದೆ ಅಂತ ತಿಳ್ಕೊಂಡೆ ನಾನು."

"ಸೀಟು ಅಂತ ನಾನು ಹೇಳಲಿಲ್ಲ."

ಆಮೇಲೆ ಅವರೇ ಬಿಡಿಸಿ ಹೇಳಿದರು. ಅವರು ಹೆಂಡತಿಯನ್ನು ಬದುಕಿದ್ದಾಗಲೂ ‘ಅದು’ ಎಂದೇ ಕರೆಯುತ್ತಿದ್ದರಂತೆ. ಅದು ಮಲಗಿದೆ, ಅದಕ್ಕೆ ಹುಷಾರಿಲ್ಲ, ಅದು ಕೋಪ ಮಾಡಿಕೊಂಡಿದೆ. ಪ್ರೀತಿಗೆ ಹಾಗೆ ಅನ್ನುವ ಗಂಡಸರು ಹಿಂದೆ ಬೇಕಾದಷ್ಟಿದ್ದರು. ಅಂಗಡಿ ಮುಚ್ಚಿದ ಮೇಲೆ ದಿನಾ ಅವಳನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗುವುದು ಅವರಿಗೆ ರೂಢಿ. ಅವಳು ಮನೆಯಲ್ಲೇ, ಹಾಸಿಗೆಯಲ್ಲೇ ಹೋದಳು; ಗಾಡಿಯಿಂದ ಯಾವ ಕೇಡೂ ಆಗಿರಲಿಲ್ಲ. ತಿಂಗಳಾದ ಮೇಲೆ ಇವರು ಗಾಡಿ ಹೊರಗೆ ತೆಗೆದರೆ ಹಿಂದೆ ಭಾರ. ಮೊದಮೊದಲು ಅವರಿಗೆ ಖುಷಿಯೇ ಆಯಿತಂತೆ.

"ಮನೆ ಮುಂದೆ ನಿಲ್ಲಿಸಿ ಬಾ ಅಂದ್ರೆ ಇಳಿಯಲ್ಲ. ನಾನೊಬ್ಬನೇ ಬೀಗ ತೆಗೆದು ಒಳಗೆ ಹೋಗೋದನ್ನ ನೋಡ್ತಾ ಕೂತಿರತ್ತೆ. ಅದು ನನ್ನ ಕೈಲಿ ಆಗಲಿಲ್ಲಮ್ಮ."

ವಾಪಸ್ ತಗೊಳ್ಳಿ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ತಗೊಂಡರೂ ಕೊಡಲು ಅವರ ಹತ್ತಿರ ಏನಿತ್ತು?

ದಾರಿಯುದ್ದಕ್ಕೂ ಯೋಚಿಸಿ, ಬಂದವಳೇ ಸೀಟನ್ನು ಕಡಿದು ಒಬ್ಬರ ಸೀಟು ಮಾಡೋಣ, ಹಿಂದೆ ಕ್ಯಾರಿಯರ್ ಹಾಕು ಎಂದು ತಮ್ಮನಿಗೆ ಹೇಳಿದಳು. ತಮ್ಮ ತಳದ ತಗಡನ್ನು ಗರಗಸದಲ್ಲಿ ಕೊಯ್ದ. ಫೋಮಿಗೆ ಅವಳೇ ಚಾಕು ಹಾಕಿದಳು. ಚಾಕು ಒಳಗೆ ಹೋಗಲೊಲ್ಲದು. ಬಸ್ಸಿನಲ್ಲಿ ಪಕ್ಕದವರಿಗೆ ಹೇಳುವ ಹಾಗೆ, "ಸ್ವಲ್ಪ ಆ ಕಡೆ ಸರಿಯಮ್ಮ" ಎಂದಳು. ಯಾಕೆ ಅಂದಳೋ, ಬಾಯಿಗೆ ಬಂತು, ಅಂದಳು. ಚಾಕು ಬೆಣ್ಣೆಯೊಳಗೆ ಇಳಿದ ಹಾಗೆ ಇಳಿಯಿತು.

ಅದೇ ವಾರ ಗಾಡಿ ಮಾರಿಹೋಯಿತು. ಕೊಂಡವನು ಬೇಕರಿಯ ಮಾಲನ್ನು ಅಂಗಡಿ ಅಂಗಡಿಗೆ ಹಾಕುವವನು, ಬಾಯಿ ತುಂಬ ಮಾತಿನ ಒಂಟಿ ಆಸಾಮಿ. ಗಾಡಿ ಹಕ್ಕಿಯ ಹಾಗಿದೆ ಎಂದ. ಬಾಡಿಗೆ ಯಜಮಾನರ ಕೈ ಸೇರಿತು, ಅವರು ಮತ್ತೆ ಮೆತ್ತಗೆ ಮಾತಾಡಲು ಬರಲಿಲ್ಲ.

ಕಡಿದ ತುಂಡನ್ನು ಎಸೆಯಲು ಸೀಟಕ್ಕನಿಗೆ ಮನಸ್ಸಾಗಲಿಲ್ಲ. ಅಂಚು ಹೊಲಿದು, ಗಿರಾಕಿಗಳ ಬೆಂಚಿನ ಒಂದು ತುದಿಯಲ್ಲಿಟ್ಟಳು. ಯಾರೂ ಹೇಳದಿದ್ದರೂ ಬಂದವರೆಲ್ಲ ಬೆಂಚಿನ ಇನ್ನೊಂದು ತುದಿಗೇ ಒತ್ತರಿಸಿಕೊಂಡು ಕೂರುತ್ತಿದ್ದರು. ಒಬ್ಬ ಮುದುಕ ಎದ್ದು ಹೋಗುವಾಗ, ಖಾಲಿ ತುದಿಯ ಕಡೆ ನೋಡಿ, ಬರ್ತೀನಮ್ಮ ಎಂದು ಹೇಳಿಯೂ ಹೋದ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಸೀಟಕ್ಕ ಅದರ ಜೊತೆ ಮಾತಿಗೆ ತೊಡಗಿದಳು. ದಾರದ ಬೆಲೆ, ಮಂಡಿ ನೋವು, ತಮ್ಮನ ಮುಂಗೋಪ. ಮಾತು ಮುಗಿದಾಗ ರೆಗ್ಜಿನ್ ಸಣ್ಣಗೆ ಕಿರುಗುಟ್ಟುತ್ತಿತ್ತು, ಕೇಳುವವರು ಮಗ್ಗುಲು ಬದಲಿಸಿದ ಹಾಗೆ. ಗಂಡ ಹೋದ ಮೇಲೆ ಅವಳ ಮಾತನ್ನು ಅಷ್ಟು ಹೊತ್ತು ಯಾರು ಕೇಳಿದ್ದರು?

ಬೇಕರಿಯವನು ತಿರುಗಿ ಬಂದಾಗ ಮುಖ ಇಳಿದಿತ್ತು, ಮಾತು ಕಡಿಮೆಯಾಗಿತ್ತು. ಗಾಡಿಯಲ್ಲಿ ದೋಷ ಏನೂ ಇಲ್ಲ, ಆದರೆ ಓಡಿಸಲು ಆಗುತ್ತಿಲ್ಲ ಎಂದ.

"ಯಾರನ್ನೋ ದಾರೀಲಿ ಬಿಟ್ಟು ಬಂದ ಹಾಗೆ ಆಗತ್ತೆ ಅಕ್ಕ. ತಿರುಗಿ ತಿರುಗಿ ನೋಡ್ತೀನಿ. ಹಿಂದಕ್ಕೊಂದು ಸೀಟು ಹಾಕಿಕೊಡಿ, ಇಲ್ಲಾಂದ್ರೆ ಗಾಡಿ ನೀವೇ ಇಟ್ಕೊಳ್ಳಿ."

ಕ್ಯಾರಿಯರ್ ತೆಗೆದರೂ ಪರವಾಗಿಲ್ಲ, ಮಾಲನ್ನು ಎರಡೂ ಬದಿಗೆ ಚೀಲ ಇಳಿಬಿಟ್ಟು ಒಯ್ಯುತ್ತಾನಂತೆ. ಸೀಟಕ್ಕ ಬೆಂಚಿನ ಕಡೆ ನೋಡದೆ, ಹೊಸ ಸೀಟು ಹೊಲಿದುಕೊಟ್ಟಳು. ಅವನು ಒಂದು ಸುತ್ತು ಹೋಗಿ ಬಂದ.

"ಇದಲ್ಲ ಅಕ್ಕ."

ತಮ್ಮನ ಮುಖ ಬಿಳುಚಿತು. ಬಂದ ದುಡ್ಡು ಬಾಡಿಗೆಗೆ ಹೋಗಿಯಾಗಿತ್ತು. ಗಾಡಿ ವಾಪಸ್ ಬಂದರೆ ಅಂಗಡಿ ಹೋದ ಹಾಗೇ. ಸೀಟಕ್ಕ ಹೊಸ ಸೀಟಿನ ತಿರುಪು ಬಿಚ್ಚಿ ತೆಗೆದಳು. ಆಮೇಲೆ ಬೆಂಚಿನಿಂದ ಆ ತುಂಡನ್ನು ಎರಡೂ ಕೈಯಲ್ಲಿ ಎತ್ತಿದಳು. ಗೇಣಗಲದ ಫೋಮನ್ನು ಎತ್ತಲು ಅವಳ ಸೊಂಟ ಬಗ್ಗಿತು. ತಾನೇ ಕೂರಿಸಿ, ತಾನೇ ತಿರುಪು ಬಿಗಿದಳು. ತಮ್ಮನನ್ನು ಹತ್ತಿರ ಬರಗೊಡಲಿಲ್ಲ.

ಬೇಕರಿಯವನು ಹತ್ತಿ ಕೂತು, ಒಮ್ಮೆ ಮೈ ಸರಿಮಾಡಿಕೊಂಡು, ಈಗ ಸರಿಹೋಯಿತು ಎಂದ. ಗಾಡಿ ಡಬಲ್ಸ್ ಎಳೆಯುವ ಸದ್ದು ಮಾಡುತ್ತಾ ಹೊರಟಿತು. ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಬೀದಿಯ ಕೊನೆಯಲ್ಲಿ ಅವನು ವೇಗ ಇಳಿಸಿ, ತಲೆಯನ್ನು ಅರ್ಧ ಹಿಂದಕ್ಕೆ ತಿರುಗಿಸಿ ಏನೋ ಕೇಳಿದ. ಉತ್ತರ ಕೇಳಿಸಿಕೊಂಡವನಂತೆ ತಲೆಯಾಡಿಸಿದ. ಬೇಕರಿಗೆ ಎಡಕ್ಕೆ ಹೋಗಬೇಕಿತ್ತು. ಅವನು ಬಲಕ್ಕೆ ತಿರುಗಿದ.